ಹೊರಗಿಂದ ಬಂದದ್ದು

ಕೊಯನಾಡಿನಲ್ಲಿ ಹೇಳಿಬಿಡಬೇಕು ಎಂದು ದೇರಪ್ಪ ಸಂಪಾಜೆಯಲ್ಲಿ ಬಸ್ಸು ಹತ್ತುವಾಗಲೇ ತೀರ್ಮಾನಿಸಿದ್ದ. ಕೊಯನಾಡು ಬಂದಾಗ ಎಂಜಿನ್ನಿನ ಸದ್ದು ವಿಪರೀತವಾಗಿತ್ತು. ಇಂಥ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ ಎನಿಸಿ ಜೋಡುಪಾಲಕ್ಕೆ ಮುಂದೂಡಿದ. ಜೋಡುಪಾಲದಲ್ಲಿ ಎಂಜಿನ್ನಿಗೆ ನೀರು ಕುಡಿಸಲು ಬಸ್ಸು ನಿಂತಿತು, ಸದ್ದೆಲ್ಲ ಅಡಗಿತು, ಆಗ ಇಷ್ಟು ನಿಶ್ಶಬ್ದದಲ್ಲಿ ಹೇಳಿದರೆ ಹಿಂದಿನ ಸೀಟಿನವರಿಗೆಲ್ಲ ಕೇಳಿಸುತ್ತದಲ್ಲ ಎನಿಸಿತು. ಸದ್ದಿದ್ದರೂ ಆಗದು, ಇಲ್ಲದಿದ್ದರೂ ಆಗದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತನಗೆ ತಾನೇ ಹೇಳಿಕೊಂಡು, ಆ ಗಾದೆ ನೆನಪಾದದ್ದಕ್ಕೆ ಒಳಗೊಳಗೇ ಒಂದಿಷ್ಟು ಸಂತೋಷಪಟ್ಟು, ಹಾಗೆ ಸಂತೋಷಪಟ್ಟದ್ದಕ್ಕೆ ನಾಚಿಕೊಂಡ. ಪಕ್ಕದಲ್ಲಿ ಕಿಟಕಿಯ ಬದಿಗೆ ಹೆಂಡತಿ ಬೊಳ್ಳಮ್ಮ. ಅವಳ ಹೊಟ್ಟೆಗೆ ಈಗ ಐದು ತಿಂಗಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಏಳು ವರ್ಷದ ಮಗಳು ಯಮುನ ಮಲಗಿದ್ದಳು. ಬೆಳಕು ತಾಗಿದರೆ ಕಣ್ಣು ಚುಚ್ಚುತ್ತದೆಂದು ಅಮ್ಮನ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು.

"ಎಂಥ? ಏನಾರ್ ಹೇಳಿಕೆ ಉಟ್ಟಾ?" ಎಂದಳು ಬೊಳ್ಳಮ್ಮ.

"ಇಲ್ಲೆ. ಗೂಡೆ ಕಣ್ಣಿಗೆ ಬಿಸ್ಲ್ ಬೀಳ್ತುಟ್ಟು, ಸೆರಗ್ ಸರಿ ಮಾಡ್" ಎಂದ ದೇರಪ್ಪ ಮಗಳ ಕಡೆ ಕೈ ತೋರಿಸಿ.

ಹೇಳಬೇಕಾದ ಮಾತೇನೂ ಉದ್ದದ್ದಲ್ಲ. ನಮ್ಮ ಎರಡು ಮಕ್ಕಳನ್ನು ತಿಂದದ್ದು, ಈ ಮೂರನೆಯದರ ಕಣ್ಣಿಗೆ ಕೈಹಾಕಿದ್ದು, ನಿನ್ನ ತವರಿನ ದೈವವಲ್ಲ. ನಾನು ಮಿಲಿಟ್ರಿಯಿಂದ ಮೈಯಲ್ಲಿ ಹೊತ್ತು ತಂದ ರೋಗ. ಇಷ್ಟೇ. ಹೋದ ಮಂಗಳವಾರದಿಂದ ಅವನು ಇದನ್ನು ಗೇಟಿನ ಹತ್ತಿರ ನಿಂತು ನೂರು ಸಲ ಹೇಳಿ ನೋಡಿದ್ದ, ಒಮ್ಮೆ ಗಂಭೀರವಾಗಿ, ಒಮ್ಮೆ ಗದ್ಗದವಾಗಿ, ಒಮ್ಮೆ ಹವಾಲ್ದಾರನ ಧ್ವನಿಯಲ್ಲಿ. ದೇರಪ್ಪ ಸಂಪಾಜೆಯ ಫಾರೆಸ್ಟು ಗೇಟಿನ ಗಾರ್ಡು. ಹನ್ನೆರಡು ವರ್ಷದಿಂದ ಆ ಅಡ್ಡಗಂಬವನ್ನು ಎತ್ತುವುದು, ಇಳಿಸುವುದು, ಲಾರಿ ಹತ್ತಿ ದಿಮ್ಮಿಗಳ ಮೇಲಿನ ಮುದ್ರೆ ನೋಡುವುದು ಅವನ ಕೆಲಸ. ಕೊಡಗು ಮೈಸೂರಿಗೆ ಸೇರಿ, ಸಂಪಾಜೆಯ ಆಚೆಯೂ ಈಚೆಯೂ ಒಂದೇ ರಾಜ್ಯವಾದ ಮೇಲೂ ಅವನು ಆ ಕಂಬವನ್ನು ಮೊದಲಿನ ಠೀವಿಯಲ್ಲೇ ಇಳಿಸುತ್ತಿದ್ದ. ಹುಲ್ಲಿನ ಹೊರೆಯಡಿ ಗಂಧದ ಕೊರಡಿಟ್ಟುಕೊಂಡವನು ಯಾರೆಂದು ಮುಖ ನೋಡಿಯೇ ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಹೇಳುತ್ತಲೂ ಇದ್ದ. ಹದಿಮೂರು ವರ್ಷದ ಕೆಳಗೆ ಇದೇ ಗೇಟಿನಲ್ಲಿ ಖಾಕಿ ಚಡ್ಡಿ, ಕಬ್ಬಿಣದ ಟ್ರಂಕಿನ ದೇರಪ್ಪ ಬಸ್ಸಿನಿಂದಿಳಿದಾಗ ಆಗಿನ ಗಾರ್ಡು ಎದ್ದು ನಿಂತು ಸಲಾಮು ಹೊಡೆದಿದ್ದ.

ಹೋದ ಮಂಗಳವಾರ ಅವನು ಯಮುನಳನ್ನು ಒಬ್ಬನೇ ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದ. ಡಾಕ್ಟರು ಸಿದ್ದಬಸಪ್ಪ, ಶನಿವಾರಸಂತೆಯ ಕಡೆಯವರು, ಇನ್ನೂ ಮೂವತ್ತು ದಾಟದ ಮನುಷ್ಯ. ಕಣ್ಣಿಗೆಂದು ಬಂದರೆ ಈತ ಮಗಳ ಬಾಯಿ ತೆರೆಸಿ ಹಲ್ಲು ನೋಡುತ್ತಾನಲ್ಲ ಎಂದು ದೇರಪ್ಪನಿಗೆ ನಗು ಬಂದಿತ್ತು. ಹೊಸದಾಗಿ ಹುಟ್ಟಿದ ಮುಂಬಲ್ಲು ಎರಡರ ತುದಿಯಲ್ಲೂ ಅರ್ಧಚಂದ್ರದ ಕಚ್ಚು. ಇಲಿಯ ಹತ್ತಿರ ಹಲ್ಲು ಕೇಳಿಕೊಂಡವಳು ಸರಿಯಾಗಿ ಕೇಳಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ತಮಾಷೆ ಮಾಡಿದ್ದರು. ಡಾಕ್ಟರು ಮಗಳ ರಕ್ತ ತೆಗೆದರು, ಇನ್ನೊಂದು ಸಲ ಹಲ್ಲು ನೋಡಿದರು, ಅವಳನ್ನು ನರ್ಸಮ್ಮನ ಜೊತೆ ಆಚೆ ಕಳಿಸಿ, "ದೇರಪ್ನೋರೆ, ಆ ಬಾಗ್ಲು ಹಾಕ್ಕೊಂಡ್ ಬನ್ನಿ" ಎಂದರು. ಬಾಗಿಲು ಹಾಕಿದ ಕೂಡಲೆ ದೇರಪ್ಪನ ಕಾಲುಗಳು ತಾವಾಗಿ ಜೋಡಿಸಿಕೊಂಡವು, ಕೈಗಳು ತೊಡೆಗೆ ಅಂಟಿಕೊಂಡವು.

"ಮಿಲ್ಟ್ರೀಲಿದ್ರಾ?"

"ಇದ್ದೆ ಸಾರ್."

"ಎಲ್ಲಿ?"

"ಕಲ್ಕತ್ತಲಿ ಸಾರ್. ಲಾರಿ ಓಡುಸ್ತಿದ್ದೆ."

ಕಲ್ಕತ್ತೆ ಎಂಬ ಒಂದು ಮಾತೇ ಪೂರ್ತಿ ಉತ್ತರವೆಂಬಂತೆ ಡಾಕ್ಟರು ತಲೆಯಾಡಿಸಿದರು. "ಸಿಫಿಲಿಸ್ ಅಂತೀವಿ. ನಮ್ಮ ಕಡೆ ಪರಂಗಿ ರೋಗ ಅಂತಾರಲ್ಲ, ಅದೇ. ಗಂಡಿಂದ ಹೆಂಡ್ತಿಗೆ, ಹೆಂಡ್ತಿಯಿಂದ ಹೊಟ್ಟೆಯೊಳಗಿನ ಮಗೀಗೆ. ಮುಂಚೆ ಎಷ್ಟು ಹೋಗವೆ?" ಎರಡು ಎಂದ ದೇರಪ್ಪ. ಮೊದಲನೆಯದು ಹುಟ್ಟುವಾಗಲೇ ಉಸಿರಿರಲಿಲ್ಲ, ಎರಡನೆಯದು ಹುಟ್ಟಿದ ಎಂಟು ತಿಂಗಳಿಗೆ ಹೋಯಿತು. ಈಗ ಮತ್ತೆ ಬಸುರಿ. ಅದನ್ನು ಕೇಳಿದ್ದೇ ತಡ ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಮಗಳ ಕಣ್ಣು ಪೂರ್ತಿ ತಿಳಿಯಾಗುತ್ತದೆಂದು ಭರವಸೆ ಕೊಡಲಾರೆ. ಆದರೆ ಹೊಟ್ಟೆಯಲ್ಲಿರುವುದನ್ನು ಉಳಿಸಬಹುದು. ತಾಯಿಗೆ ಹತ್ತು ದಿನ, ದಿನಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್, ಜೊತೆಗೆ ನಿಮಗೂ ಅಷ್ಟೇ. ಈ ವಾರವೇ ಶುರುವಾಗಬೇಕು. ತಡವಾದರೆ ನನ್ನ ಕೈಲಿಲ್ಲ ಎಂದರು. ಹೆಂಡತಿಗೆ ಏನೂ ಹೇಳದೆ, ಶಕ್ತಿಗೆ ಎಂದು ಹೇಳಿ ಕೊಡಲಾಗದೇ ಎಂದು ದೇರಪ್ಪ ಕೇಳಿದ. ತುಂಬ ವಿನಯದಿಂದಲೇ ಕೇಳಿದ. "ಒಂದ್ ದಿನ ಆಯ್ತದೆ. ಹತ್ತು ದಿನ ಘಾಟಿ ಹತ್ತಿ ಬರೋ ಹೆಂಗ್ಸಿಗೆ ಯಾಕೆ ಅಂತ ಗೊತ್ತಿರಬೇಡ್ವೇನ್ರಿ? ನೀವು ಹೇಳಿ. ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ."

ಹೇಳುವುದಕ್ಕೆ ಏಳು ದಿನವಿತ್ತು. ಒಂದು ದಿನ ಕೋಳಿ ಕಾವಿಗೆ ಕೂತಿತ್ತು, ಒಂದು ದಿನ ಅಣ್ಣ ಮಾಯಿಲಪ್ಪ ಮನೆಯಲ್ಲೇ ಇದ್ದ, ಒಂದು ದಿನ ಬೊಳ್ಳಮ್ಮನ ಮುಖ ಅಪರೂಪಕ್ಕೆ ಗೆಲುವಾಗಿತ್ತು, ಅದನ್ನು ಯಾಕೆ ಕೆಡಿಸುವುದು. ಕೊನೆಗೆ ಯಮುನಳ ಕಣ್ಣಿನ ಮದ್ದಿಗೆ ತಾಯಿಯೂ ಬರಬೇಕಂತೆ ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದ್ದ. ಇನ್ನುಳಿದದ್ದು ಮದೆನಾಡು. ಮದೆನಾಡಿನಲ್ಲಿ ಬಸ್ಸು ನಿಂತಿತು. ದೇರಪ್ಪ ಗಂಟಲು ಸರಿಮಾಡಿಕೊಂಡು, "ಇಲ್ಲಿ ಕೇಳ್" ಎಂದ. ಬೊಳ್ಳಮ್ಮ ಅವನ ಕಡೆ ತಿರುಗಿದಳು. ಅಷ್ಟರಲ್ಲಿ ಹಳೆಯ ಮೇಷ್ಟ್ರು ಕುಶಾಲಪ್ಪ ಕೊಡೆಯ ತುದಿಯಿಂದ ಎಲ್ಲರ ಮೊಣಕಾಲು ತಿವಿಯುತ್ತ ಹತ್ತಿ ಬಂದು ಎದುರಿಗೇ ನಿಂತರು. "ಎಂಥ ದೇರಪ್ಪ, ಸಂಸಾರ ಸಮೇತ ಮಡಿಕೇರಿಗೆ? ಸಿನಿಮಾಕ್ಕಾ?" ದೇರಪ್ಪ ನಕ್ಕ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು, ಡ್ರೈವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಆ ಮುದುಕನ ಕಾಲಿಗೆ ಬೀಳಬೇಕೆನಿಸುವಷ್ಟು ಕೃತಜ್ಞತೆ ಅವನಲ್ಲಿ ಉಕ್ಕಿತು, ಮೇಲೆದ್ದು ತನ್ನ ಸೀಟನ್ನೇ ಬಿಟ್ಟುಕೊಟ್ಟ.

ಕಂಬಿ ಹಿಡಿದು ನಿಂತು ಹೆಂಡತಿಯ ಬೈತಲೆಯನ್ನೇ ನೋಡುತ್ತಿದ್ದ. ಎರಡನೆಯ ಮಗು ಹೋದ ಮೇಲೆ ಈ ಬೈತಲೆ ಕಣಿಯನ ಮುಂದೆ ಹೀಗೇ ಬಗ್ಗಿತ್ತು. ಮಾಕುಟ್ಟದ ಆಚೆಯಿಂದ ಮಾಯಿಲಪ್ಪಣ್ಣ ಕರೆಸಿದ ಕಣಿಯ. ಕೆಂಪು ಕಣ್ಣು, ಕವಡೆಯ ಚೀಲ. ಪಡಸಾಲೆಯಲ್ಲಿ ಮಣೆ ಹಾಕಿ ಪ್ರಶ್ನೆಗೆ ಕೂತರು. ಕವಡೆ ಮೂರು ಸಲ ಹರಡಿ ಮೂರು ಸಲ ಬಾಚಿ, ಅವನು ತನ್ನ ಅರ್ಧ ಮಲೆಯಾಳದಲ್ಲಿ, "ಇದ್ ಈ ಮನೇಂದಲ್ಲ, ಹೊರಗಿಂದ ವನ್ನದ್ದು" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೇರಪ್ಪನಿಗೆ ಮುಟ್ಟಿಕೊಳ್ಳಬೇಕಾದ ಜಾಗ ಹೆಗಲಾಗಿರಲಿಲ್ಲ. ಕಣಿಯ ತಲೆ ಎತ್ತಿ, "ಈ ಮನೆಗೆ ಕಡೇಗೆ ಬಂದದ್ದ್ ಆರು?" ಎಂದು ಕೇಳಿದ. ಕೇಳಿದ್ದು ಅಣ್ಣನನ್ನು, ಉತ್ತರ ಕೊಡಬೇಕಾದ್ದು ಹಿರಿಯರು. ಆದರೂ ದೇರಪ್ಪ ಬಾಯಿ ಹಾಕಿದ. "ಇವ್ಳೇ ಅಲಾ" ಎಂದ. ಸುಳ್ಳೇನಲ್ಲ. ಅವನು ಮಿಲಿಟ್ರಿ ಬಿಟ್ಟು ಮನೆಗೆ ಬಂದ ಹನ್ನೊಂದನೆಯ ದಿನ ಮದುವೆ. ಲೆಕ್ಕದ ಪ್ರಕಾರ ಹೊಸ್ತಿಲನ್ನು ಕೊನೆಗೆ ತುಳಿದವಳು ಅವಳೇ. ಆ ಹನ್ನೊಂದು ದಿನದ ಅಂತರವನ್ನು ಹಿಡಿದುಕೊಂಡು ದೇರಪ್ಪ ಎಷ್ಟೋ ವರ್ಷ ತಾನು ಸತ್ಯವಂತ ಎಂದುಕೊಂಡಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಇಲ್ಲಿ ಬರೆ ಯಾರಿಗೆ ಹಾಕಬೇಕೆಂದು ತೋರಿಸಿಕೊಟ್ಟದ್ದು ಸ್ವತಃ ಎತ್ತೇ.

ಆಮೇಲೆ ಎಲ್ಲ ಸಲೀಸಾಗಿ ನಡೆಯಿತು. ಅವಳ ಅಪ್ಪನ ಮನೆಯ ದೈವ ಹೆಣ್ಣಿನ ಬೆನ್ನು ಹಿಡಿದು ಬಂದಿದೆ, ಅದಕ್ಕೆ ಇಲ್ಲೊಂದು ನೆಲೆ ಬೇಕು ಎಂದಾಯಿತು. ಹಲಸಿನ ಮರದಡಿ ಒಂದು ಕಲ್ಲು ನೆಟ್ಟರು. ಆ ಕಲ್ಲಿಗೆ ಮಂಗಳವಾರ ಮಂಗಳವಾರ ಬೊಳ್ಳಮ್ಮ ಉಪವಾಸವಿದ್ದು ದೀಪ ಇಡಬೇಕು, ತವರಿನ ಹೊಸ್ತಿಲು ದಾಟಬಾರದು, ಬಸುರಿಯಾದರೆ ಹೆರುವ ತನಕ ಮೈಯ ರಕ್ತ ತೆಗೆಯಬಾರದು, ಚುಚ್ಚಬಾರದು. ಕಲ್ಲು ಹೊತ್ತು ತಂದವನೂ ದೇರಪ್ಪನೇ. ಹೊಳೆಯಲ್ಲಿ ಆರಿಸಿ ಚೆಂದದ್ದನ್ನೇ ತಂದಿದ್ದ. ಮರುವರ್ಷ ಯಮುನ ಹುಟ್ಟಿ ಉಳಿದಳು, ಕಣಿಯ ಗೆದ್ದ. ಹುಟ್ಟಿದಾಗ ಅವಳ ಅಂಗೈ ಅಂಗಾಲು ಸುಲಿದದ್ದು, ಮೂರು ತಿಂಗಳು ಮೂಗು ಕಟ್ಟಿ ಗೊರಗೊರ ಎಂದದ್ದು ದೈವ ಬಿಟ್ಟು ಹೋಗುವಾಗಿನ ಗುರುತು ಎಂದರು. ದೇರಪ್ಪ ಹೌದೆಂದ. ಹಾಗೆ ಹೇಳುತ್ತ ಹೇಳುತ್ತ ಕೆಲವು ದಿನ ನಂಬಿಯೂ ಬಿಟ್ಟ, ಮಂಗಳವಾರದ ದೀಪಕ್ಕೆ ಎಣ್ಣೆ ಕಡಿಮೆಯಾದರೆ ಬೊಳ್ಳಮ್ಮನನ್ನು ಗದರುವಷ್ಟು.

ಆಸ್ಪತ್ರೆಯ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಸ್ಟೌವಿನ ಮೇಲೆ ಸೂಜಿಗಳು ಕುದಿಯುತ್ತಿದ್ದವು. ಯಮುನಳ ಕಣ್ಣಿಗೆ ಹನಿ ಬಿಟ್ಟು, ಅವಳಿಗೆ ಮೊದಲ ಇಂಜೆಕ್ಷನ್ ಕೊಟ್ಟು ಮುಗಿಸಿ, ಡಾಕ್ಟರು ಬೊಳ್ಳಮ್ಮನ ಕಡೆ ತಿರುಗಿ, "ಬಾರಮ್ಮ, ಕೈ ಕೊಡು, ಮೊದ್ಲು ಸ್ವಲ್ಪ ರಕ್ತ ತಗೋತೀನಿ" ಎಂದರು. ಬೊಳ್ಳಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ನಂಗೆ ಎಂಥಕ್ಕೆ? ಕಣ್ಣ್ ಹೋದ್ದ್ ಗೂಡೆದಲಾ. ಬಸ್ರಿಲಿ ರಕ್ತ ತೆಗಿಕೆ ಆಗ, ಸೂಜಿನೂ ಆಗ."

ಡಾಕ್ಟರು ದೇರಪ್ಪನನ್ನು ನೋಡಿದರು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತು. ಗೇಟಿನಲ್ಲಿ ಹುಲ್ಲಿನ ಹೊರೆ ಇಳಿಸು ಎನ್ನುವ ಮೊದಲು ತಾನೂ ಹೀಗೆಯೇ ನೋಡುತ್ತಾನೆ. "ಇನ್ನೂ ಹೇಳಿಲ್ವಾ? ಪಕ್ಕದ ವಾರ್ಡು ನೋಡ್ಕೊಂಡ್ ಐದು ನಿಮಿಷಕ್ಕೆ ಬತ್ತೀನಿ. ಬರೋದ್ರೊಳಗೆ ಹೇಳಿ" ಎಂದು ಡಾಕ್ಟರು ನರ್ಸಮ್ಮನನ್ನೂ ಯಮುನಳನ್ನೂ ಕರೆದುಕೊಂಡು ಹೊರಟುಹೋದರು.

ಐದು ನಿಮಿಷದಲ್ಲಿ ಒಂದು ನಿಮಿಷವನ್ನು ದೇರಪ್ಪ ಸ್ಟೌವಿನ ನೀಲಿ ಉರಿ ನೋಡುತ್ತ ಕಳೆದ. ಆಮೇಲೆ, "ಅದ್ ಶಕ್ತಿಗೆ ಕೊಡುವ ಸೂಜಿ. ಕೂಸ್ ಗಟ್ಟಿ ಆಗಲಿ ಅಂತ" ಎಂದ. ತನ್ನ ಕಿವಿಗೇ ಆ ಮಾತು ಬಿದ್ದಾಗ, ಅಯ್ಯೋ ಮಹಾನುಭಾವ, ಈಗಲೂ ಬಿಡಲಿಲ್ಲವಲ್ಲ ನಿನ್ನ ಬುದ್ಧಿ ಎನಿಸಿತು.

"ನಂಗೆ ಶಕ್ತಿ ಬೇಡ" ಎಂದಳು ಬೊಳ್ಳಮ್ಮ. ಅವಳ ಧ್ವನಿಯಲ್ಲಿ ಹಟವಿರಲಿಲ್ಲ, ಬೇಡಿಕೊಳ್ಳುವಂತಿತ್ತು. "ಇದ್ ಒಂದ್ ಉಳ್ದರೆ ಸಾಕ್. ನನ್ನಪ್ಪನ ಮನೆ ದೋಷಕ್ಕೆ ಎರಡ್ ಹೋತ್. ಎಂಟ್ ವರ್ಷ ನೇಮ ತಪ್ಪದೆ ನಡ್ಸಿಯೊಳೆ. ಈಗ ಸೂಜಿ ಹಾಕ್ಸಿ ಇದ್ನೂ ನಾನೇ ಕೊಲ್ಲೊಕಾ? ನೀವೇ ಹೇಳಿ."

ನೀವೇ ಹೇಳಿ ಎಂದು ಅವಳು ಅವನ ಮುಖ ನೋಡಿದಳು. ಹದಿಮೂರು ವರ್ಷದಲ್ಲಿ ಏನೇ ಸಂಶಯ ಬಂದರೂ ಅವಳು ಹೀಗೆ ಅವನನ್ನೇ ಕೇಳುತ್ತಿದ್ದವಳು. ದೇರಪ್ಪನಿಗೆ ಎದೆ ಒಡೆಯುವಷ್ಟು ಸಂಕಟವಾಯಿತು, ಆ ಸಂಕಟದಲ್ಲಿ ಅವನು ಸಿದ್ಧಮಾಡಿಕೊಂಡಿದ್ದ ಗಂಭೀರ ವಾಕ್ಯ, ಗದ್ಗದ ವಾಕ್ಯ ಎರಡೂ ಮರೆತುಹೋದವು.

"ಕೊಂದದ್ ನೀ ಅಲ್ಲ. ನಾನ್" ಎಂದ.

ಅಲ್ಲಿಗೇ ನಿಲ್ಲಿಸಿದ್ದರೆ ಒಂದು ಘನತೆಯಾದರೂ ಇರುತ್ತಿತ್ತು. ನಿಲ್ಲಿಸಲಿಲ್ಲ. ಕಲ್ಕತ್ತೆಯ ಸೆಕೆಯಿಂದ ಶುರುಮಾಡಿದ. ಯುದ್ಧದ ಕಾಲ, ನಾಳೆ ಇರುತ್ತೇವೋ ಇಲ್ಲವೋ ಗೊತ್ತಿರಲಿಲ್ಲ ಎಂದ. ಅವನಿದ್ದದ್ದು ಅಕ್ಕಿಮೂಟೆಯ ಲಾರಿಯಲ್ಲಿ, ಗುಂಡಿನ ಸದ್ದು ಕೇಳಿದವನಲ್ಲ. ಜೊತೆಯವರು ಎಳೆದುಕೊಂಡು ಹೋದರು ಎಂದ; ಮೂರನೆಯ ಸಲ ದಾರಿ ತೋರಿಸಿದವನು ತಾನೇ ಎಂಬುದು ನೆನಪಾಗಿ ಅದನ್ನು ತಿದ್ದಿದ. ಒಂದು ಹುಣ್ಣಾಯಿತು, ನೋವೂ ಇರಲಿಲ್ಲ, ತಾನಾಗಿ ಮಾಯಿತು. ಮಾಯಿತಲ್ಲ, ಹೋಯಿತು ಎಂದುಕೊಂಡೆ. ಅದು ರಕ್ತದಲ್ಲಿ ಉಳಿದು ನಿನಗೆ ಬಂತು, ನಿನ್ನಿಂದ ಮಕ್ಕಳಿಗೆ ಹೋಯಿತು. ದೈವ ಏನೂ ಬಂದಿರಲಿಲ್ಲ. ಕಣಿಯ ಕೇಳಿದಾಗ ನಾನು ಬೇಕೆಂದೇ ನಿನ್ನ ಹೆಸರು ಹೇಳಿದೆ. ಹೇಳಿ ಮುಗಿಸಿದಾಗ ಅವನ ಕಣ್ಣಲ್ಲಿ ನೀರು ಬಂತು, ಅಂತೂ ಬಂತಲ್ಲ ಎಂದು ಒಳಗೆ ಯಾವನೋ ಒಬ್ಬ ಸಮಾಧಾನಪಟ್ಟ. ಅಂಥ ಹೊತ್ತಿನಲ್ಲೂ ಒಳಗೆ ಕೂತು ಹೀಗೆಲ್ಲ ಗಮನಿಸುತ್ತಿದ್ದ ಆ ಮನುಷ್ಯನ ಬಗ್ಗೆ ದೇರಪ್ಪನಿಗೆ ಹೇಸಿಗೆಯಾಯಿತು.

ಬೊಳ್ಳಮ್ಮ ಅಳಲಿಲ್ಲ. ಮೆಲ್ಲಗೆ, "ಅವ್ವ ಸತ್ತಾಗ ನೀವುನೂ ನನ್ನೊಟ್ಟಿಗೆ ಅಂಗಳಲಿ ನಿಂತಿದ್ದರಿ" ಎಂದಳು.

ನಿಂತಿದ್ದ. ನಾಲ್ಕು ವರ್ಷದ ಕೆಳಗೆ, ಆಷಾಢದ ಮಳೆಯಲ್ಲಿ. ಒಳಗೆ ಅವಳ ತಾಯಿಯನ್ನು ಮಲಗಿಸಿದ್ದರು. ಹೊಸ್ತಿಲು ದಾಟುವಂತಿಲ್ಲ ಎಂದು ಇವಳು ಅಂಗಳದಲ್ಲೇ ನಿಂತು, ಬಾಗಿಲಿನ ಮೂಲಕ ಕಾಣುತ್ತಿದ್ದ ಎರಡು ಪಾದಗಳನ್ನಷ್ಟೇ ನೋಡುತ್ತಿದ್ದಳು. ದೇರಪ್ಪನಿಗೆ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಆದರೂ ಹೋಗದೆ, ಹೆಂಡತಿಯ ತಲೆಯ ಮೇಲೆ ಕೊಡೆ ಹಿಡಿದುಕೊಂಡು, ತಾನು ನೆನೆಯುತ್ತ ಎರಡು ಗಂಟೆ ನಿಂತಿದ್ದ. ಅವಳ ಅಣ್ಣ ಉತ್ತಯ್ಯ ಅವನ ಕೈ ಹಿಡಿದು, ಬಾವ, ನಿಮ್ಮಂಥ ಗಂಡ ಸಿಗಲು ನನ್ನ ತಂಗಿ ಪುಣ್ಯ ಮಾಡಿರಬೇಕು ಎಂದಿದ್ದ. ಅದು ಊರೆಲ್ಲ ಹರಡಿತ್ತು. ಆ ಹೊಗಳಿಕೆಯನ್ನು ದೇರಪ್ಪ ತಿಂಗಳುಗಟ್ಟಲೆ ಚಪ್ಪರಿಸಿದ್ದ.

"ಅವ್ವನ ಮುಖ ನಾ ನೋಡ್‌ತ್‌ಲೆ" ಎಂದಳು ಬೊಳ್ಳಮ್ಮ.

ಡಾಕ್ಟರು ಬಂದರು. ಹಿಂದೆಯೇ ನರ್ಸಮ್ಮ, ಯಮುನ. ಬೊಳ್ಳಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ತೋಳನ್ನು ತಾನಾಗಿ ಮೇಜಿನ ಮೇಲಿಟ್ಟಳು. ರಕ್ತ ತೆಗೆಯುವಾಗ ಅತ್ತ ತಿರುಗದೆ, ಗಾಜಿನ ಕೊಳವೆಯಲ್ಲಿ ಏರುವ ತನ್ನ ರಕ್ತವನ್ನು ಕಣ್ಣಿಟ್ಟು ನೋಡಿದಳು. ಆಮೇಲೆ ಇಂಜೆಕ್ಷನ್. ಸೂಜಿ ಹೊರಬಂದು ನರ್ಸಮ್ಮ ಹತ್ತಿ ಒತ್ತಿದಾಗ, "ಇದ್ ಬದ್ಕುದಾ ಡಾಕ್ಟ್ರೇ?" ಎಂದು ಕೇಳಿದಳು.

"ಬದುಕ್ತದೆ ಕಣಮ್ಮ. ಹತ್ತು ದಿನ ಒಂದ್ ದಿನಾನೂ ತಪ್ಪಿಸ್ಬೇಡ. ಹುಟ್ಟಿದ್ ಮೇಲೆ ಮಗೂನ ತಂದು ತೋರ್ಸು."

"ಈ ಮದ್ದ್ ಬಂದ್ ಎಷ್ಟ್ ವರ್ಷ ಆತ್?"

"ಇದಾ? ಯುದ್ಧ ಮುಗಿದ ಹೊಸದರಲ್ಲೇ ಬಂತು. ಅದಕ್ಕೂ ಮುಂಚೆ ಬೇರೆ ಸೂಜಿ ಕೊಡೋರು." ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ಡಾಕ್ಟರು ರಿಜಿಸ್ಟರು ಎಳೆದುಕೊಂಡು ಬರೆಯತೊಡಗಿದರು.

ಬೊಳ್ಳಮ್ಮ ಗಂಡನ ಕಡೆ ತಿರುಗಿದಳು. "ಸುರುನ ಕೂಸಿನ ಹೊತ್ತಿಗೆ ಇತ್ತಾ?"

ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂದರೆ ಅದನ್ನು ಸುಳ್ಳೆನ್ನುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಕಲ್ಕತ್ತೆಯ ಮಿಲಿಟ್ರಿ ಆಸ್ಪತ್ರೆಯಲ್ಲಿ ಅವನಿಗೆ ವಾರಕ್ಕೊಂದರಂತೆ ನಾಲ್ಕು ಸೂಜಿ ಹಾಕಿದ್ದರು; ಊರಿನಿಂದ ಮದುವೆಯ ದಿನ ಗೊತ್ತಾಯಿತೆಂದು ಕಾಗದ ಬಂದಿತ್ತು; ಬಿಡುಗಡೆಯ ದಿನ ಗೋರಾ ಡಾಕ್ಟರು ಒಂದು ಚೀಟಿ ಬರೆದು ಕೈಗಿಟ್ಟು, ಇದು ಅರ್ಧ ಮಾತ್ರ ಆಗಿದೆ, ಉಳಿದದ್ದನ್ನು ನಿಮ್ಮೂರ ಆಸ್ಪತ್ರೆಯಲ್ಲಿ ಹಾಕಿಸಿಕೊ, ಅಲ್ಲಿಯ ತನಕ ಮದುವೆಯಾಗಬೇಡ ಎಂದು ಹಿಂದೂಸ್ತಾನಿಯಲ್ಲಿ ಎರಡು ಸಲ ಬಿಡಿಸಿ ಹೇಳಿದ್ದ. ರೈಲಿನಲ್ಲಿ ಮೂರನೆಯ ದಿನ ಬೆಂಕಿಕಡ್ಡಿ ತೀರಿಹೋಗಿ, ಪಕ್ಕದವನ ಬೀಡಿಯಿಂದ ತನ್ನ ಬೀಡಿಗೆ ಕಿಡಿ ದಾಟಿಸಲು ಒಂದು ಕಾಗದದ ಸುರುಳಿ ಬೇಕಾಗಿತ್ತು. ಅದು ಯಾವ ಕಾಗದ ಎಂದು ಗೊತ್ತಿದ್ದೇ ಸುರುಳಿ ಸುತ್ತಿದ್ದ. ಅದರ ಬಗ್ಗೆ ಪಕ್ಕದವನಿಗೆ ಒಂದು ಹಾಸ್ಯವನ್ನೂ ಹೇಳಿ ನಗಿಸಿದ್ದ.

"ಇತ್ತ್" ಎಂದ ದೇರಪ್ಪ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತ್."

ಬೊಳ್ಳಮ್ಮ ಸೆರಗು ಸರಿಮಾಡಿಕೊಂಡು ಎದ್ದಳು, ಬಾಗಿಲ ಬಳಿ ಕಣ್ಣು ಮುಚ್ಚಿಕೊಂಡು ನಿಂತಿದ್ದ ಯಮುನಳ ಕೈ ಹಿಡಿದಳು. "ನಾ ಉತ್ತಯ್ಯಣ್ಣನ ಮನೆಗೆ ಹೋನೆ. ಹತ್ತ್ ದಿನ ಅಲ್ಲಿಂದಲೇ ಬನ್ನೆ" ಎಂದಳು. ಅದು ಅವನಿಗೆ ಹೇಳಿದ್ದೋ ಡಾಕ್ಟರಿಗೆ ಹೇಳಿದ್ದೋ ಸ್ಪಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡು ಎಲ್ಲಿ, ಆ ಕಡೆಯ ಬಸ್ಸು ಎಷ್ಟು ಹೊತ್ತಿಗೆ, ಈ ಸ್ಥಿತಿಯಲ್ಲಿ ಇವಳೊಬ್ಬಳೇ ಹೇಗೆ ಎಂದೆಲ್ಲ ಒಮ್ಮೆಗೇ ತಲೆಗೆ ಬಂದು, ಗಂಡನಾದವನ ರೂಢಿಯಂತೆ ದೇರಪ್ಪ ಚೀಲಕ್ಕೆ ಕೈಹಾಕಿ ಎದ್ದು ನಿಂತ.

ಬೊಳ್ಳಮ್ಮ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡಳು.

"ನೀವು ಕೂರಿ" ಎಂದಳು. "ನಿಮ್ಮ ಸೂಜಿ ಇನ್ನ್ ಆತ್‌ಲೆ ಅಲಾ."

ಅವರಿಬ್ಬರ ಹೆಜ್ಜೆಯ ಸದ್ದು ವರಾಂಡದಲ್ಲಿ ಕೇಳುತ್ತಿರುವಾಗಲೇ ನರ್ಸಮ್ಮ ಕುದಿಯುವ ನೀರಿನಿಂದ ಇನ್ನೊಂದು ಸೂಜಿಯನ್ನು ಚಿಮಟದಲ್ಲಿ ಎತ್ತಿದಳು. ದೇರಪ್ಪ ಕೂತ.